ಸೋಮವಾರದ ಉಪವಾಸ

ನನ್ನೊಡನೆ ಓದಿದ ಮಿತ್ರರೊಬ್ಬರು, ಈಗ ಅವರೂ ನನ್ನಂತೆಯೇ ಕೋಲೂರಿ ನಡೆಯುವವರು, ಕಳೆದ ತಿಂಗಳು ಒಂದು ಕಾಗದ ಬರೆದು, ನಾವು ಕಲಿತ ಶಾಲೆಯ ಚರಿತ್ರೆಯನ್ನು ನಾಲ್ಕು ಪುಟದಷ್ಟಾದರೂ ಬರೆದಿಡಬೇಕೆಂದೂ, ಇನ್ನು ತಡಮಾಡಿದರೆ ಬರೆಯುವವರೂ ಉಳಿಯುವುದಿಲ್ಲ, ಓದಿ ಅಹುದೆನ್ನುವವರೂ ಉಳಿಯುವುದಿಲ್ಲವೆಂದೂ ಎಚ್ಚರಿಸಿದರು. ನಾನೂ ಉತ್ಸಾಹದಿಂದಲೇ ಕುಳಿತೆ. 1833 ಎಂದು ಬರೆದೆ, 1868 ಎಂದು ಬರೆದೆ. ಅದರ ಕೆಳಗೆ 1879, ಅದರ ಕೆಳಗೆ 1916 ಎಂದು ಬರೆದು, ಆ ಇಸವಿಗಳ ಮುಂದೆ ಏನನ್ನು ತುಂಬಲಿ ಎಂದು ಯೋಚಿಸುತ್ತಿರುವಾಗ ನನ್ನ ಮೂಗಿಗೆ ಅಡರಿದುದು ಯಾವ ಹಳೆಯ ದಫ್ತರದ ಧೂಳಿನ ವಾಸನೆಯೂ ಅಲ್ಲ. ಕಾದ ತುಪ್ಪದಲ್ಲಿ ಸಾಸುವೆ ಸಿಡಿದು ಇಂಗು ಅರಳಿ, ತಿಳಿಸಾರಿನ ಮೇಲೆ ಚೊರ್ ಎಂದು ಬಿದ್ದ ಒಗ್ಗರಣೆಯ ವಾಸನೆ. ಶಾಲೆಯ ಚರಿತ್ರೆಯಾಗಿ ಆರಂಭವಾದ ಬರಹವು ಊಟದ ಕಥೆಯಾಗಿ ಹರಿದುಹೋದರೆ ಅದು ಹೊಟ್ಟೆಬಾಕನೊಬ್ಬನ ಚಾಪಲ್ಯವೆಂದು ಓದುಗರು ಭಾವಿಸಬಾರದು. ನನ್ನ ಕಾಲದ ಬಡ ಹುಡುಗನಿಗೆ ಮೈಸೂರಿನ ಮಹಾರಾಜಾ ಹೈಸ್ಕೂಲೆಂಬುದು ಅರ್ಧ ಮಾತ್ರ ಕಲ್ಲುಗಾರೆಯ ಕಟ್ಟಡದಲ್ಲಿತ್ತು. ಉಳಿದರ್ಧ ಅಗ್ರಹಾರದ ಅಡುಗೆಮನೆಗಳಲ್ಲಿ ಹಂಚಿಹೋಗಿತ್ತು.

ಶಾಲೆಯ ಮೂಲವನ್ನು ಹೇಳುವುದಾದರೆ, ಅದನ್ನು ಸ್ಥಾಪಿಸಿದವರು ರಾಜ್ಯವನ್ನು ಕಳೆದುಕೊಂಡ ರಾಜರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಐದು ವರ್ಷದ ಬಾಲಕರಾಗಿ ಪಟ್ಟವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ, ನಗರದ ಸೀಮೆಯ ರೈತರ ದಂಗೆಯನ್ನು ಕಾರಣವಾಗಿ ತೋರಿಸಿ, 1831ರಲ್ಲಿ ಕಂಪೆನಿಯವರು ಆಡಳಿತವನ್ನು ಕಿತ್ತುಕೊಂಡರು. ಅರಮನೆ ಉಳಿಯಿತು, ದರ್ಬಾರು ಉಳಿಯಿತು, ಬಿರುದಾವಳಿಯೂ ಉಳಿಯಿತು, ಅಧಿಕಾರ ಮಾತ್ರ ಉಳಿಯಲಿಲ್ಲ. ಹೀಗೆ ಕೈ ಬರಿದಾದ ಎರಡನೆಯ ವರ್ಷದಲ್ಲಿಯೇ, ಎಂದರೆ 1833ರಲ್ಲಿ, ಆ ದೊರೆ ತಮ್ಮ ಸ್ವಂತ ಖರ್ಚಿನಿಂದ ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುವ ಶಾಲೆಯೊಂದನ್ನು ತೆರೆದರು. ರಾಜಾ ಫ್ರೀ ಸ್ಕೂಲ್ ಎಂದು ಅದಕ್ಕೆ ಹೆಸರು. ತಮ್ಮ ರಾಜ್ಯವನ್ನು ಕಸಿದವರ ಭಾಷೆಯನ್ನು ತಮ್ಮ ಪ್ರಜೆಗಳ ಮಕ್ಕಳಿಗೆ ತಮ್ಮದೇ ಹಣ ತೆತ್ತು ಕಲಿಸಹೊರಟ ಆ ಮನಸ್ಸಿನಲ್ಲಿ ಏನಿದ್ದಿತು ಎಂಬುದನ್ನು ನಾನು ಚಿಕ್ಕಂದಿನಿಂದಲೂ ಆಗಾಗ ಯೋಚಿಸಿದ್ದೇನೆ. ಕಾಲಗತಿಯನ್ನು ಅರಿತ ದೂರದರ್ಶಿತ್ವ ಎನ್ನುವವರಿದ್ದಾರೆ. ರೆಸಿಡೆಂಟರನ್ನು ಒಲಿಸಿಕೊಳ್ಳುವ ಉಪಾಯ ಎಂದು ಮೂಗು ಮುರಿಯುವವರೂ ಇದ್ದಾರೆ. ನನಗೆ ತೋರುವುದೇ ಬೇರೆ. ಶ್ರೀತತ್ತ್ವನಿಧಿಯಂಥ ಗ್ರಂಥಕ್ಕೆ ಕಾರಣರಾಗಿ, ಪಂಡಿತರನ್ನೂ ಚದುರಂಗದ ಮನೆಗಳನ್ನೂ ಸಮಾನವಾದ ಪ್ರೀತಿಯಿಂದ ಪೋಷಿಸಿದ ಆ ಪ್ರಭುಗಳಿಗೆ ಶಾಲೆಯೆಂಬುದು ಛತ್ರದ ಜಾತಿಗೆ ಸೇರಿದ ವಸ್ತುವಾಗಿ ಕಂಡಿರಬೇಕು. ದಾರಿಹೋಕನಿಗೆ ಅನ್ನ ಹಾಕಿಸುವಾಗ ಯಾರೂ ಅವನ ಬಳಿ ಕಾಸು ಕೇಳುವುದಿಲ್ಲ, ಹಾಗೆಯೇ ಇದೂ. ಆ ಹೆಸರಿನಲ್ಲಿದ್ದ ‘ಫ್ರೀ’ ಎಂಬ ಶಬ್ದವನ್ನು ಕಂಪೆನಿಯವರು ಹೇಗೆ ಅರ್ಥ ಮಾಡಿಕೊಂಡರೋ ನಾನರಿಯೆ. ಮೈಸೂರಿನವರು ಅದನ್ನು ಧರ್ಮ ಎಂದು ಅರ್ಥ ಮಾಡಿಕೊಂಡರು. ‘ಧರ್ಮದ ಓದು, ಧರ್ಮದ ಊಟ’ ಎಂದು ನಮ್ಮ ತಂದೆಯವರು ಒಂದೇ ಉಸಿರಿನಲ್ಲಿ ಹೇಳುತ್ತಿದ್ದುದರ ಹಿಂದೆ ಈ ನೂರು ವರ್ಷದ ರೂಢಿಯಿತ್ತು.

ಮುಂದಿನದು ಸರ್ಕಾರಿ ಚರಿತ್ರೆ. ಅದನ್ನು ಬೇಗ ಹೇಳಿಬಿಡಬಹುದು. 1857ರಲ್ಲಿ ಮೈಸೂರಿಗೆ ವಿದ್ಯಾ ಇಲಾಖೆಯೆಂಬುದು ಬಂದಿತು. 1868ರಲ್ಲಿ ಮುಮ್ಮಡಿಯವರು ಕಾಲವಾದರು, ಶಾಲೆ ಸರ್ಕಾರದ ವಶಕ್ಕೆ ಹೋಯಿತು. 1879ರಲ್ಲಿ ಅದಕ್ಕೆ ಕಾಲೇಜಿನ ತರಗತಿಗಳು ಸೇರಿದವು. ಹುಡುಗರು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕುಳಿತು, ಫಲಿತಾಂಶಕ್ಕಾಗಿ ಮದರಾಸಿನ ಕಡೆ ಮುಖ ಮಾಡಿ ಕಾಯುತ್ತಿದ್ದರು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದ ಮೇಲೆ ಆ ಪರಾಧೀನತೆ ತಪ್ಪಿತು. ಇಷ್ಟರಲ್ಲಿ ಮಹಾರಾಜಾ ಕಾಲೇಜಿನ ಕೀರ್ತಿ ದೇಶವನ್ನೆಲ್ಲ ವ್ಯಾಪಿಸಿ, ಅದನ್ನು ಹೆತ್ತ ಹೈಸ್ಕೂಲು ಮಗಳ ಮನೆಯ ಹೊರಾಂಗಣದಲ್ಲಿ ಇರುವ ತಾಯಿಯಂತಾಯಿತು. ಬಂದವರು ಕಾಲೇಜನ್ನು ನೋಡಿ ಹೋಗುತ್ತಿದ್ದರು; ಎಸ್. ರಾಧಾಕೃಷ್ಣನ್ ಅವರು ಅಲ್ಲಿ ದರ್ಶನಶಾಸ್ತ್ರವನ್ನು ಬೋಧಿಸಿದರೆಂಬುದನ್ನು ನೆನೆಸಿಕೊಳ್ಳುತ್ತಿದ್ದರು. ಹೈಸ್ಕೂಲಿಗೆ ನೆನೆಸಿಕೊಳ್ಳುವಂಥ ಹೆಸರು ಇರಲಿಲ್ಲವೆಂದಲ್ಲ. ನಮಗಿಂತ ಹಿಂದಿನ ಪೀಳಿಗೆಯವರಿಗೆ ಅಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು ಆರ್.ವಿ. ಕೃಷ್ಣಸ್ವಾಮಿ ಅಯ್ಯರ್, ಅವರ ಮಗ ನಾರಾಯಣ್, ಪರೀಕ್ಷೆಯಲ್ಲಿ ನಪಾಸಾದವರು, ತಂದೆಯ ಶಾಲೆಯ ಪುಸ್ತಕಭಂಡಾರಕ್ಕೆ ಬರುತ್ತಿದ್ದ ಪತ್ರಿಕೆಗಳನ್ನೂ ಕಾದಂಬರಿಗಳನ್ನೂ ಮನಸಾರೆ ಓದಿ, 1935ರಲ್ಲಿ ಸ್ವಾಮಿ ಎಂಬ ಹುಡುಗನ ಕಥೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿ ಲೋಕವಿಖ್ಯಾತರಾದರು. ನಾವು ಶಾಲೆಗೆ ಸೇರಿದಾಗ ಆ ಪುಸ್ತಕದ ಸುದ್ದಿ ನಮಗಾರಿಗೂ ತಿಳಿದಿರಲಿಲ್ಲ. ಮುಖ್ಯೋಪಾಧ್ಯಾಯರ ಮಗನೇ ನಪಾಸಾಗಿದ್ದನಂತೆ ಎಂಬ ಸುದ್ದಿ ಮಾತ್ರ ಎಲ್ಲ ಹುಡುಗರಿಗೂ ತಿಳಿದಿದ್ದು, ಗಣಿತದಲ್ಲಿ ಹಿಂದುಳಿದವರಿಗೆ ಅದು ದೊಡ್ಡ ಸಮಾಧಾನವನ್ನು ಕೊಡುತ್ತಿತ್ತು.

ನಾನು ಅಲ್ಲಿಗೆ ಸೇರಿದುದು 1940ರ ಜೂನ್ ತಿಂಗಳಲ್ಲಿ. ನಮ್ಮ ಊರು ನಂಜನಗೂಡಿಗೆ ಮೂರು ಹರಿದಾರಿ; ತಂದೆಯವರಿಗೆ ನಾಲ್ಕು ಹಳ್ಳಿಯ ಪೌರೋಹಿತ್ಯ. ನಂಜನಗೂಡಿನಲ್ಲಿ ಮಿಡ್ಲ್ ಸ್ಕೂಲು ಮುಗಿಸಿದ ಹುಡುಗನನ್ನು ಮಂತ್ರಕ್ಕೆ ಹಚ್ಚುವುದೋ ಇಂಗ್ಲಿಷಿಗೆ ಹಚ್ಚುವುದೋ ಎಂಬ ವಿಷಯದಲ್ಲಿ ಮನೆಯಲ್ಲಿ ಒಂದು ಪಕ್ಷ ಕಾಲ ಚರ್ಚೆ ನಡೆದು, ಕೊನೆಗೆ ನನ್ನ ತಾಯಿ, ಎಂದೂ ಎದುರಾಡದವರು, ‘ನಾಲ್ಕು ಹಳ್ಳಿ ನಿಮಗೇ ಸಾಲದು, ಅವನಿಗೆಲ್ಲಿ ಸಾಕು?’ ಎಂದು ಒಂದೇ ಮಾತಿನಲ್ಲಿ ವ್ಯವಹಾರವನ್ನು ತೀರ್ಮಾನಿಸಿದರು. ಶಾಲೆಯಲ್ಲಿ ನನಗೆ ಫ್ರೀಷಿಪ್ಪು ದೊರೆಯಿತು. ಮಲಗುವುದಕ್ಕೆ ಒಂದು ದೇವಸ್ಥಾನದ ಪ್ರಾಕಾರದಲ್ಲಿ ಅರ್ಚಕರು ಜಾಗ ತೋರಿಸಿದರು. ಉಳಿದುದು ಊಟ.

ವಾರಾನ್ನವೆಂಬ ಪದದ ಅರ್ಥವನ್ನು ಈಗಿನ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿದೆ. ಪರವೂರಿನ ಹುಡುಗನಿಗೆ ವಾರದಲ್ಲಿ ಒಂದು ದಿನ, ಅದೇ ದಿನ, ಎರಡು ಹೊತ್ತೂ ಅನ್ನ ಹಾಕುತ್ತೇವೆಂದು ಒಂದು ಮನೆಯವರು ಒಪ್ಪಿಕೊಳ್ಳುವುದು. ಅಂಥ ಏಳು ಮನೆಗಳು ಸೇರಿದರೆ ಒಬ್ಬ ವಿದ್ಯಾರ್ಥಿ. ಯಾರೂ ಇದನ್ನು ಬರೆದುಕೊಡುತ್ತಿರಲಿಲ್ಲ, ಯಾರೂ ಮಾತು ತಪ್ಪುತ್ತಿರಲಿಲ್ಲ. ಏಕಾದಶಿ ಬಂದರೆ ಆ ದಿನದ ಮನೆಯಲ್ಲಿ ಊಟವಿಲ್ಲ. ಸೂತಕ ಬಂದರೆ ಹತ್ತು ದಿನ ಇಲ್ಲ. ಶ್ರಾದ್ಧ ಬಂದರೆ ಹಬ್ಬ. ತಂದೆಯವರು ನನ್ನನ್ನು ಹಿಂದಿಟ್ಟುಕೊಂಡು, ಒಂದು ಇಡೀ ದಿನ, ನೂರೊಂದು ಗಣಪತಿಯ ಗುಡಿಯಿಂದ ಆರಂಭಿಸಿ ಅಗ್ರಹಾರದ ಬೀದಿಗಳನ್ನೆಲ್ಲ ಸುತ್ತಿ, ಪ್ರತಿಯೊಂದು ಜಗಲಿಯ ಮುಂದೆಯೂ ನಿಂತು, ‘ಸ್ವಾಮೀ, ಹುಡುಗನಿಗೊಂದು ವಾರ’ ಎಂದು ಕೇಳಿದರು. ಪೌರೋಹಿತ್ಯ ಮಾಡುವಾಗ ಜನರಿಂದ ನಮಸ್ಕಾರ ಮಾಡಿಸಿಕೊಂಡ ತಂದೆಯವರ ಕಂಠವು ಆ ದಿನ ಎಷ್ಟು ಮೃದುವಾಗಿದ್ದಿತೆಂಬುದನ್ನು ನಾನು ಮರೆಯಲಾರೆ. ದೀಪ ಹೊತ್ತಿಸುವ ವೇಳೆಗೆ ಆರು ಮನೆಗಳಾದವು. ಸೋಮವಾರ ಮಾತ್ರ ಸಿಕ್ಕಲಿಲ್ಲ. ‘ಸಿಕ್ಕುತ್ತೆ, ಒಂದೆರಡು ವಾರ ಹೇಗೋ ತಳ್ಳು’ ಎಂದು ಹೇಳಿ ತಂದೆಯವರು ರಾತ್ರಿಯ ರೈಲಿಗೆ ಊರಿಗೆ ಹೊರಟುಹೋದರು. ಮೂರು ವರ್ಷ ತಳ್ಳಿದೆ. ಸೋಮವಾರದ ಮನೆ ಸಿಕ್ಕಲಿಲ್ಲ.

ಆರು ಮನೆಗಳ ಆರು ಧರ್ಮಗಳನ್ನು ನಾನು ಪಾಠಕ್ಕಿಂತ ಮೊದಲು ಕಲಿತೆ. ಮಂಗಳವಾರದ ಮನೆಯ ಮಗ ನನ್ನ ತರಗತಿಯವನೇ. ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನವರು. ಮನೆಯಲ್ಲಿ ಅವನ ಎಲೆ ನಡುಮನೆಯಲ್ಲಿ, ನನ್ನದು ಕಂಬದ ಆಚೆಗೆ. ಬೀಜಗಣಿತದಲ್ಲಿ ನನಗೆ ಅವನಿಗಿಂತ ಹೆಚ್ಚು ಅಂಕ ಬಂದ ವಾರ ಆ ಮನೆಯ ಹುಳಿಯಲ್ಲಿ ಹೋಳು ಕಡಿಮೆಯಾಗುತ್ತಿತ್ತು. ಇದು ನನ್ನ ಊಹೆಯಿರಬಹುದೆಂದು ಎಣಿಸಿ, ಒಂದು ಪರೀಕ್ಷೆಯಲ್ಲಿ ಬೇಕೆಂದೇ ಎರಡು ಲೆಕ್ಕಗಳನ್ನು ಬಿಟ್ಟು ಬಂದೆ. ಆ ಮಂಗಳವಾರ ಎಲೆಯ ತುದಿಗೆ ಹಪ್ಪಳ ಬಂದಿತು. ಬುಧವಾರದ ಮನೆಯಲ್ಲಿ ಬಾವಿಯಿಂದ ಇಪ್ಪತ್ತು ಕೊಡ ನೀರು ಸೇದಬೇಕು. ಶುಕ್ರವಾರದ ಮನೆಯ ಅಜ್ಜಿಗೆ ಭಾಗವತದ ಒಂದು ಅಧ್ಯಾಯವನ್ನು ಓದಿ ಹೇಳಬೇಕು; ನನ್ನ ಕನ್ನಡದ ನಾಲಗೆ ತಿರುಗಿದ್ದರೆ ಅದಕ್ಕೆ ಕಾರಣ ಆ ಅಜ್ಜಿಯ ಕಿವಿ, ತಪ್ಪಿದ ಕಡೆ ‘ಹ್ಞಾಂ?’ ಎಂದು ತಡೆದು ನಿಲ್ಲಿಸುತ್ತಿದ್ದ ಕಿವಿ. ಭಾನುವಾರದ ಮನೆಯಲ್ಲಿ ಏನೂ ಕೆಲಸವಿರಲಿಲ್ಲ, ಮಾತೂ ಇರಲಿಲ್ಲ. ಅಲ್ಲಿಯ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಗುರುವಾರದ ಮನೆಯನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು. ಆ ಮನೆಯ ಯಜಮಾನರು ಅಠಾರಾ ಕಚೇರಿಯಲ್ಲಿ ಗುಮಾಸ್ತರು; ಮನೆಯ ಆಡಳಿತವೆಲ್ಲ ಅವರ ತಾಯಿಯದು. ಕೆಂಪು ಸೀರೆಯ ಮುದುಕಿ, ಮಡಿಯೆಂದರೆ ಬೆಂಕಿ. ಹೊಸದಾಗಿ ಬಂದಿದ್ದ ಸೊಸೆ, ನನಗಿಂತ ಎರಡು ಮೂರು ವರ್ಷ ಹಿರಿಯರಿದ್ದಿರಬಹುದು, ಅತ್ತೆಯ ಕಣ್ಣಿನ ಅಳತೆಯಲ್ಲಿ ಬಡಿಸುತ್ತಿದ್ದರು. ಒಂದು ಗುರುವಾರ ಆ ಅಮ್ಮ ನನ್ನ ವಾರದ ಲೆಕ್ಕವನ್ನು ಕೇಳತೊಡಗಿದರು. ಮಂಗಳವಾರ ಇಂಥ ಮನೆ, ಬುಧವಾರ ಇಂಥ ಮನೆ ಎಂದು ಒಪ್ಪಿಸಿದೆ. ‘ಸೋಮವಾರ?’ ಎಂದರು. ಇಲ್ಲ ಎಂದು ಹೇಳಿದರೆ ಇನ್ನೊಂದು ವಾರಕ್ಕೆ ಕೈಯೊಡ್ಡಿದಂತಾಗುವುದೆಂದು ನಾಚಿ, ‘ಸೋಮವಾರ ಉಪವಾಸ ಅಮ್ಮ, ನಂಜುಂಡೇಶ್ವರನಿಗೆ’ ಎಂದುಬಿಟ್ಟೆ. ಅವರ ಮುಖ ಅರಳಿತು. ‘ನೋಡಿದೆಯೇನೇ, ಈ ವಯಸ್ಸಿಗೇ ವ್ರತ! ಹುಡುಗನಿಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕು’ ಎಂದು ಸೊಸೆಗೆ ಹೇಳಿದರು. ಆ ಸುಳ್ಳು ಅಗ್ರಹಾರದಲ್ಲೆಲ್ಲ ಹರಡಿ, ನನಗೆ ವ್ರತನಿಷ್ಠನೆಂಬ ಕೀರ್ತಿ ಬಂದು, ಆಮೇಲೆ ಯಾರಾದರೂ ಸೋಮವಾರ ಕರೆದರೂ ಹೋಗಿ ಉಣ್ಣುವ ದಾರಿಯೇ ಮುಚ್ಚಿಹೋಯಿತು. ಕೀರ್ತಿಯಿಂದ ಹೊಟ್ಟೆಗೆ ನಷ್ಟವಾದ ಸಂದರ್ಭ ನನ್ನ ಜೀವನದಲ್ಲಿ ಅದೊಂದೇ.

ನಿಜವನ್ನು ಅರಿತವರು ಒಬ್ಬರೇ, ನಮ್ಮ ಕನ್ನಡ ಪಂಡಿತರು. ಮುಚ್ಚುಕೋಟು, ಸರಿಗೆಯ ರುಮಾಲು, ಹಣೆಯಲ್ಲಿ ಗಂಧ. ಇಂಗ್ಲಿಷ್ ಮೇಷ್ಟರುಗಳ ನಡುವೆ ಅವರು ಸ್ಟಾಫ್ ರೂಮಿನ ಮೂಲೆಯ ಕುರ್ಚಿಯನ್ನು ತಾವಾಗಿಯೇ ಆರಿಸಿಕೊಂಡಿದ್ದರು. ಅವರು ಓದಿದುದು 1876ರಲ್ಲಿ ಆರಂಭವಾದ ಸಂಸ್ಕೃತ ಪಾಠಶಾಲೆಯಲ್ಲಿ, ಹತ್ತು ವರ್ಷ, ವಾರಾನ್ನದ ಮೇಲೆಯೇ. ಸೋಮವಾರದ ಮಧ್ಯಾಹ್ನ ಮೂರು ಗಂಟೆಗೆ ಅವರ ಪಾಠ. ಹಸಿದ ಹೊಟ್ಟೆಗೆ ಷಟ್ಪದಿಯ ಗತಿ ತೂಗುಮಣೆಯಂತೆ ಹಿಡಿಸಿ ನಾನು ತೂಕಡಿಸುತ್ತಿದ್ದೆ. ಎರಡು ಸೋಮವಾರ ನೋಡಿದರು. ಮೂರನೆಯ ಸೋಮವಾರ ಪಾಠಕ್ಕೆ ಮೊದಲು ನನ್ನನ್ನು ಕರೆದು, ಒಂದು ಕಾಸನ್ನು ಕೈಗಿಟ್ಟು, ‘ಗೇಟಿನ ಹತ್ತಿರ ಹೋಗಿ ಹುರಿಗಡಲೆ ತಂದುಕೊಡು’ ಎಂದರು. ತಂದೆ. ಪೊಟ್ಟಣವನ್ನು ಬಿಚ್ಚಿ, ನಾಲ್ಕು ಕಾಳನ್ನು ಬಾಯಿಗೆ ಹಾಕಿಕೊಂಡು, ‘ಹಲ್ಲಿಗೆ ಆಗುವುದಿಲ್ಲವಯ್ಯ, ಗಟ್ಟಿ. ನೀನೇ ಇಟ್ಟುಕೊ’ ಎಂದು ನನ್ನ ಕೈಗೆ ಹಾಕಿದರು. ಮುಂದಿನ ಸೋಮವಾರವೂ ಕಾಸು ಕೊಟ್ಟರು, ಮುಂದಿನ ಸೋಮವಾರವೂ ಕಡಲೆ ಗಟ್ಟಿಯಾಗಿತ್ತು. ಮೂರು ವರ್ಷ ಗಟ್ಟಿಯಾಗಿಯೇ ಇತ್ತು. ಒಂದು ಮಾತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಸ್ಟಾಫ್ ರೂಮಿನಲ್ಲಿ ಚಕ್ಕುಲಿಯನ್ನು ಕಟಕಟನೆ ಕಡಿಯುವುದನ್ನು ನಾನು ಒಂದು ದಿನ ಕಿಟಕಿಯಿಂದ ಕಂಡೆ.

ಶಾಲೆಗೆ ಸೇರಿ ಎರಡು ತಿಂಗಳಾಗುವಷ್ಟರಲ್ಲಿ, ಆಗಸ್ಟ್ 3ರಂದು, ನಾಲ್ವಡಿಯವರು ಬೆಂಗಳೂರಿನಲ್ಲಿ ಕಾಲವಾದರು. ಅಂದು ಶನಿವಾರ. ಶನಿವಾರದ ಮನೆಯವರು ಅರಮನೆಯ ಊಳಿಗದವರು. ಸಂಜೆ ನಾನು ಊಟಕ್ಕೆ ಹೋದಾಗ ಒಲೆ ಹೊತ್ತಿಸಿರಲಿಲ್ಲ. ಮನೆಯವರೆಲ್ಲ ತಲೆಗೆ ನೀರು ಹಾಕಿಕೊಂಡು, ಒದ್ದೆಯ ಕೂದಲಿನಲ್ಲಿ, ಸ್ವಂತ ಮನೆಯ ಹಿರಿಯರು ಹೋದಂತೆ ಗೋಡೆಗೊರಗಿ ಕುಳಿತಿದ್ದರು. ಯಜಮಾನರು ನನ್ನನ್ನು ನೋಡಿ, ಊಟವಿಲ್ಲವೆಂದು ಹೇಳಲಾರದೆ, ಇದೆಯೆಂದೂ ಹೇಳಲಾರದೆ, ಒಳಗೆ ಕೈ ತೋರಿಸಿದರು. ಮನೆಯಾಕೆ ಅವಲಕ್ಕಿಗೆ ಮಜ್ಜಿಗೆ ಕಲಸಿ ಹಿತ್ತಲ ಬಾಗಿಲಲ್ಲಿ ಕೊಟ್ಟರು, ನಿಂತೇ ತಿಂದೆ. ಮುಮ್ಮಡಿಯವರ ಶಾಲೆಯಲ್ಲಿ ಪುಕ್ಕಟೆಯಾಗಿ ಓದುತ್ತ, ಅವರ ಮರಿಮಗನಿಗೆ ಅಳುವ ಮನೆಯಲ್ಲಿ ಪುಕ್ಕಟೆಯಾಗಿ ತಿನ್ನುತ್ತಿರುವ ನನಗೂ ಈ ವಂಶಕ್ಕೂ ಏನೋ ಒಂದು ಋಣವಿದೆಯೆಂದು ಆಗ ನನಗೆ ತೋರಿತು. ಆ ಭಾವನೆ ಎರಡು ವರ್ಷವಷ್ಟೇ ಬಾಳಿತು. 1942ರ ಆಗಸ್ಟಿನಲ್ಲಿ ಬೊಂಬಾಯಿಯಿಂದ ಗಾಂಧಿಯವರ ಬಂಧನದ ವಾರ್ತೆ ಬಂದಾಗ ನಾವೆಲ್ಲ ಪುಸ್ತಕ ಬಿಟ್ಟು ಬೀದಿಗಿಳಿದೆವು. ಬುಧವಾರದ ಮನೆಯವರು, ‘ಕೂಗುವುದಕ್ಕೆ ಹೋದರೆ ಇಲ್ಲಿ ಊಟ ಇಲ್ಲ’ ಎಂದು ಖಂಡಿತವಾಗಿ ಹೇಳಿದರು. ಗುರುವಾರದ ಅಮ್ಮ ಗಂಡಸರು ಇಲ್ಲದ ವೇಳೆಯಲ್ಲಿ, ‘ಗಾಂಧೀನ ಬಿಟ್ಟರೇನೋ?’ ಎಂದು ಕೇಳುತ್ತಿದ್ದರು.

ಮೈಸೂರಿನಲ್ಲಿ ಶಾಲೆ ನಮ್ಮದೊಂದೇ ಆಗಿರಲಿಲ್ಲ, ಅನ್ನದ ದಾರಿಯೂ ಒಂದೇ ಆಗಿರಲಿಲ್ಲ. ಗುರಿಕಾರ ಮರಿಮಲ್ಲಪ್ಪನವರ ಉಯಿಲಿನ ದ್ರವ್ಯದಿಂದ 1876ರಲ್ಲಿ ನಿಂತ ಶಾಲೆಗೆ ದೀರ್ಘಕಾಲ ಮುಖ್ಯೋಪಾಧ್ಯಾಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು, ಊರಿಗೆಲ್ಲ ತಾತಯ್ಯ, ಪಾಠ ಹೇಳಿ ಪತ್ರಿಕೆ ನಡೆಸಿ ಉಳಿದ ವೇಳೆಯಲ್ಲಿ ಅನಾಥಾಲಯದ ಹುಡುಗರಿಗೆ ಅಕ್ಕಿ ಎತ್ತುತ್ತಿದ್ದರಂತೆ. ಅವರು 1933ರಲ್ಲಿಯೇ ತೀರಿಕೊಂಡಿದ್ದರೂ ನಮ್ಮ ಕಾಲದಲ್ಲಿ ಅವರ ಮಾತು ಎತ್ತದ ಜಗಲಿಯಿರಲಿಲ್ಲ. ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ 1881ರಲ್ಲಿ ಆರಂಭವಾದ ಮಹಾರಾಣಿಯವರ ಶಾಲೆಗೆ ಹೆಣ್ಣುಮಕ್ಕಳು ಹೋಗುತ್ತಿದ್ದರು; ಆದರೆ ಹಳ್ಳಿಯ ಬಡ ಹುಡುಗಿಯೊಬ್ಬಳು ವಾರಾನ್ನ ಹಚ್ಚಿಕೊಂಡು ಮೈಸೂರಿನಲ್ಲಿ ಓದುವುದೆಂಬುದು ಯಾರ ಊಹೆಗೂ ನಿಲುಕದ ಸಂಗತಿ. ನನ್ನ ತಂಗಿ ನನಗಿಂತ ಬುದ್ಧಿವಂತೆ. ಅವಳು ಊರಿನಲ್ಲಿಯೇ ಉಳಿದಳು.

ಇನ್ನೊಂದನ್ನೂ ಹೇಳದೆ ಹೋದರೆ ಈ ಬರಹ ಬರಿಯ ಸಾರಿನ ಸ್ತೋತ್ರವಾದೀತು. ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದವನು ಚಾಮರಾಜನಗರದ ಕಡೆಯ ಗಾಣಿಗರ ಹುಡುಗ. ನಾನು ಬಡವ, ಅವನು ನನಗಿಂತ ಬಡವ. ನನಗೆ ಆರು ಮನೆಗಳು, ಅವನಿಗೆ ಆ ಬೀದಿಗಳಲ್ಲಿ ಒಂದು ಲೋಟ ನೀರನ್ನು ಕೇಳುವುದಕ್ಕೂ ಸಂಕೋಚ. ಊರು ಹುಡುಗರನ್ನು ಸಾಕುತ್ತಿದೆಯೆಂದು ನಾನು ಹಿಗ್ಗುತ್ತಿದ್ದಾಗ, ಯಾರ ಹುಡುಗರನ್ನು ಎಂದು ಕೇಳಿಕೊಂಡವನಲ್ಲ. ಅವನಂಥವರಿಗೆ ಅನ್ನದ ದಾರಿಯನ್ನು ಬೇರೆಯವರು ತೆರೆಯಬೇಕಾಯಿತು. ತಲಕಾಡು ರಂಗೇಗೌಡರು ಆದಿಕರ್ನಾಟಕದ ಮಕ್ಕಳ ವಿದ್ಯೆಗಾಗಿ ತಮ್ಮ ಜೀವವನ್ನೇ ತೇದರು. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಯುದ್ಧಕಾಲದ ಆ ದುರ್ಭಿಕ್ಷದಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ನಡೆಸಿ, ಕೈ ಸೋತಾಗ ಚಿನ್ನದ ಕರಡಿಗೆಯನ್ನೇ ಮಾರಿ ಹುಡುಗರಿಗೆ ಉಣ್ಣಲಿಕ್ಕಿದರೆಂಬುದು ಮೈಸೂರಿನಲ್ಲಿ ಎಲ್ಲರ ಬಾಯಲ್ಲಿಯೂ ಇರುವ ಮಾತು. ನನ್ನ ಮಿತ್ರನಿದ್ದುದು ಒಂದು ಸಣ್ಣ ಹಾಸ್ಟೆಲಿನಲ್ಲಿ. ಅಲ್ಲಿ ಬೆಳಗ್ಗೆ ಸಂಜೆ ಮುದ್ದೆ, ಹುರುಳಿಯ ಸಾರು.

ಆ ಮುದ್ದೆಯನ್ನು ನಾನೂ ಉಂಡೆ. 1942ರಲ್ಲಿ ಬರ್ಮಾ ಜಪಾನೀಯರ ಕೈಗೆ ಸಿಕ್ಕಿ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋದ ಮೇಲೆ, ಮೈಸೂರಿನ ಪಡಸಾಲೆಗಳಲ್ಲಿ ಅಕ್ಕಿಯ ಮಾತಿನ ಹೊರತು ಬೇರೆ ಮಾತಿರಲಿಲ್ಲ. ಪಲ್ಲಗಟ್ಟಲೆ ತರಿಸುತ್ತಿದ್ದ ಮನೆಗಳು ಸೇರುಗಟ್ಟಲೆ ತರಿಸತೊಡಗಿದವು. ಅಂಗಡಿಯ ಮುಂದೆ ಚೀಲ ಹಿಡಿದು ನಿಲ್ಲುವುದನ್ನು ಮೈಸೂರಿನ ದೊಡ್ಡ ಮನುಷ್ಯರು ಆಗ ಕಲಿತರು. ಮನೆಯ ತಲೆಗಳನ್ನು ಎಣಿಸಿ ಅಳೆದು ಕೊಡುವ ಅಕ್ಕಿಯಲ್ಲಿ ವಾರದ ಹುಡುಗನೆಂಬ ತಲೆಗೆ ಎಡೆಯಿರಲಿಲ್ಲ. ನೂರು ವರ್ಷ ನಡೆದುಬಂದ ಪದ್ಧತಿಯನ್ನು ಇಂಗ್ಲಿಷ್ ವಿದ್ಯೆ ಕೆಡಿಸಲಿಲ್ಲ, ಸುಧಾರಕರ ಭಾಷಣ ಕೆಡಿಸಲಿಲ್ಲ. ಅಳತೆಯ ಸೇರು ಕೆಡಿಸಿತು. ಮಂಗಳವಾರದ ಮನೆ ಮೊದಲು ಹೋಯಿತು. ಶುಕ್ರವಾರದ ಅಜ್ಜಿ, ‘ಓದುವುದಕ್ಕೆ ಮಾತ್ರ ಬಾಪ್ಪ, ಊಟಕ್ಕೆ ಕೇಳಬೇಡ’ ಎಂದು ಕಣ್ಣಿನಲ್ಲಿ ನೀರು ತಂದುಕೊಂಡರು. ನಾನು ದಶಮಸ್ಕಂಧ ಮುಗಿಯುವವರೆಗೂ ಹೋಗಿ ಓದಿ ಬಂದೆ. ವಾರಕ್ಕೆ ಮೂರು ಉಪವಾಸವಾದಾಗ ವ್ರತನಿಷ್ಠೆ ಮೀರಿಹೋಯಿತೆಂದು ನನ್ನ ಗಾಣಿಗ ಮಿತ್ರನಿಗೆ ಅನುಮಾನ ಹುಟ್ಟಿ, ಒಂದು ಸಂಜೆ ಏನೂ ಹೇಳದೆ ನನ್ನನ್ನು ಹಾಸ್ಟೆಲಿಗೆ ಎಳೆದುಕೊಂಡು ಹೋದ. ಅಡುಗೆಯವರು ನನ್ನ ಜನಿವಾರವನ್ನು ನೋಡಿ ಕೈ ಹಿಂದೆಗೆದರು. ‘ಹಾಕಣ್ಣ, ಅವನ ಪಾಪ ಅವನಿಗೆ’ ಎಂದು ನನ್ನ ಮಿತ್ರ ನಕ್ಕ. ತಂದೆಯವರಿಗೆ ಈ ವಿಷಯವನ್ನು ನಾನು ಎಂದೂ ತಿಳಿಸಲಿಲ್ಲ. ತನ್ನ ಹಿಟ್ಟನ್ನು ಅರ್ಧ ಮುರಿದು ನನ್ನ ತಟ್ಟೆಗೆ ಹಾಕುವಾಗ ಅವನು ಮುರಿದ ಕಡೆಯ ಚೂರನ್ನು ಬೆರಳಿನಿಂದ ಸವರಿ ನುಣ್ಣಗೆ ಮಾಡುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಗುರುವಾರದ ಮನೆ ಮಾತ್ರ ನಿಲ್ಲಲಿಲ್ಲ. 1943ರ ಆರಂಭದಲ್ಲಿ, ಪರೀಕ್ಷೆಗೆ ಎರಡು ತಿಂಗಳಿರುವಾಗ, ಆ ಅಮ್ಮ ನನ್ನನ್ನು ಹಿತ್ತಲಿಗೆ ಕರೆದು, ಧ್ವನಿ ತಗ್ಗಿಸಿ, ‘ಮಗು, ರಾಗಿ ಹಿಟ್ಟು ತಿನ್ನುತ್ತೀಯಾ?’ ಎಂದು ಕೇಳಿದರು. ತಿನ್ನುತ್ತೇನೆ ಅಮ್ಮ ಎಂದೆ. ಅವರಿಗೆ ಅದೊಂದು ದೊಡ್ಡ ಅವಮಾನ. ಎಲೆಯ ಮುಂದೆ ಕೂತ ಹುಡುಗನಿಗೆ ಅನ್ನವಿಲ್ಲವೆನ್ನುವುದು ಆ ಮನೆಯ ವಂಶದಲ್ಲಿಯೇ ಇರಲಿಲ್ಲವಂತೆ. ಬಾಳೆಯೆಲೆಯ ಮೇಲೆ ಮುದ್ದೆ ಉರುಳಾಡಿತು. ‘ಹೊರಗೆ ಹೇಳಬೇಡಪ್ಪ’ ಎಂದರು. ಬ್ರಾಹ್ಮಣರ ಮನೆಯಲ್ಲಿ ಮುದ್ದೆ ತಿಂದುದನ್ನು ಹಾಸ್ಟೆಲಿನಲ್ಲಿ ಹೇಳಬಾರದು, ಹಾಸ್ಟೆಲಿನಲ್ಲಿ ಮುದ್ದೆ ತಿಂದುದನ್ನು ಬ್ರಾಹ್ಮಣರ ಮನೆಯಲ್ಲಿ ಹೇಳಬಾರದು. ಆ ಎರಡು ಗುಟ್ಟುಗಳ ಬಲದಿಂದ ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದೆ.

ಆ ಬಳಿಕ ಉದ್ಯೋಗ ನನ್ನನ್ನು ಶಿವಮೊಗ್ಗ, ಚಿತ್ರದುರ್ಗ, ಬೆಂಗಳೂರು ಎಂದು ಎಲ್ಲೆಲ್ಲಿಯೋ ಅಲೆಸಿತು. ನಿವೃತ್ತನಾದ ಮೇಲೆ ಒಮ್ಮೆ ಮೈಸೂರಿಗೆ ಹೋದವನು ಹಳೆಯ ಶಾಲೆಯನ್ನು ಹೊರಗಿನಿಂದಲೇ ನೋಡಿದೆ. ಹುಡುಗರು ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದು ಮರದ ಕೆಳಗೆ ಕುಳಿತಿದ್ದರು. ಒಳಗೆ ಹೋಗಿ ಪರಿಚಯ ಹೇಳಿಕೊಳ್ಳುವುದಕ್ಕೆ ಏನೋ ಸಂಕೋಚವಾಗಿ, ಕಾಲು ತಾನಾಗಿಯೇ ಅಗ್ರಹಾರದ ಕಡೆ ತಿರುಗಿತು. ಮಂಗಳವಾರದ ಮನೆಯ ಜಾಗದಲ್ಲಿ ಸೈಕಲ್ ಅಂಗಡಿ. ಬುಧವಾರದ ಬಾವಿಗೆ ಕಲ್ಲು ಚಪ್ಪಡಿ ಮುಚ್ಚಿತ್ತು. ಗುರುವಾರದ ಮನೆಯ ಜಗಲಿ ಮಾತ್ರ ಹಾಗೆಯೇ ಇದ್ದಿತು. ಬಾಗಿಲಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದರು. ನಾನು ನಿಂತುದನ್ನು ನೋಡಿ ಕನ್ನಡಕವನ್ನು ಏರಿಸಿ, ಯಾರು ಬೇಕು ಎಂದರು. ‘ಇಲ್ಲಿ ಹಿಂದೆ ವಾರಕ್ಕೆ ಬರುತ್ತಿದ್ದೆ, ತಾಯಿ’ ಎಂದೆ. ಅವರು ಅಚ್ಚರಿಪಡಲಿಲ್ಲ; ಹಾಗೆ ಬಂದು ನಿಂತವರು ನಾನೊಬ್ಬನೇ ಅಲ್ಲವೆಂದು ತೋರುತ್ತದೆ.

‘ಯಾವ ವಾರ?’ ಎಂದು ಕೇಳಿದರು.

‘ಗುರುವಾರ. ಯುದ್ಧ ನಡೆಯುತ್ತಿದ್ದಾಗ.’

ಅವರು ಮೊರವನ್ನು ಕೆಳಗಿಟ್ಟರು. ಬಹಳ ಹೊತ್ತು ನನ್ನ ಮುಖವನ್ನೇ ನೋಡಿ, ‘ನಂಜನಗೂಡಿನ ಹುಡುಗ ಅಲ್ಲವೆ, ನೀವು? ಅತ್ತೆಯವರು ಕೊನೆಯವರೆಗೂ ಹೇಳುತ್ತಿದ್ದರು’ ಎಂದು ಎದ್ದು, ಕೈಕಾಲು ತೊಳೆಯುವುದಕ್ಕೆ ಚೊಂಬಿನಲ್ಲಿ ನೀರು ತಂದಿಟ್ಟರು. ಒಳಗೆ ಹೋಗುತ್ತಿದ್ದವರು ಏನೋ ಜ್ಞಾಪಕ ಬಂದಂತೆ ಹೊಸಿಲಿನಲ್ಲಿ ತಡೆದು ನಿಂತು, ‘ಅಯ್ಯೋ, ಇವತ್ತು ಸೋಮವಾರ. ನಿಮಗೆ ಉಪವಾಸ ಅಲ್ಲವೆ?’ ಎಂದರು.

‘ಅದನ್ನು ಬಿಟ್ಟು ಬಹಳ ದಿವಸವಾಯಿತು, ತಾಯಿ’ ಎಂದೆ.

ಅವರು ಒಳಗೆ ಹೋಗಿ ಎಲೆ ಹಾಕಿದರು.